ನೀರೊಳಗೆ ಹತ್ತು ನಿಮಿಷ

“ನೋಡ್ಕಂತ ಏನ್ ನಿಂತೀರಿ... ಕೈ ಹಾಕ್ರಿ ನೀರಾಗ!”

ಕ್ರಾಂತಿ ಬೆಚ್ಚಿಬಿದ್ದಳು. ಕೊಟ್ಟೂರಿನ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದ ಅವಳನ್ನು ಡಾಕ್ಟರ್ ನಾಗರತ್ನ ಬಿಟ್ಟರೆ ಇನ್ಯಾರೂ ಹೀಗೆ ಗದರಿರಲಿಲ್ಲ. ಅದೂ, ಇವತ್ತೇ ಮೊದಲು ಕಣ್ಣಿಗೆ ಬಿದ್ದ ಗಂಡಸು!

ಅವನು ಭೀಮರಾಜ, ತಂಬ್ರಹಳ್ಳಿಯವನು. ರೋಗಿಗಳು ಭಯ ಮರೆಯಲಿ ಎಂದು ಡಾಕ್ಟರ್ ಹೊರಗಿನ ಕೋಣೆಯಲ್ಲಿ ಇಡಿಸಿದ್ದ ನಾಲ್ಕಡಿಯ ಗಾಜಿನ ತೊಟ್ಟಿಯನ್ನು ನೋಡಿಕೊಳ್ಳಲು ಬಂದವನು. ಡ್ರಮ್ಮಿನಲ್ಲಿ ಉಪ್ಪು ಕದಡಿ ಸಮುದ್ರ ಮಾಡುವವನು. ಸಮುದ್ರವನ್ನೇ ಕಾಣದ ಕ್ರಾಂತಿಯ ಎದುರಿಗೆ ಹವಳ, ಮೀನು, ಕಲ್ಲುಗಳ ಸಮೇತ ಸಮುದ್ರವೇ ಬಂದು ಕೂತಿತ್ತು.

ಈಗ ಅದರೊಳಗಿನ ಕಲ್ಲಿನ ಕಮಾನು ಕುಸಿಯುತ್ತಿತ್ತು. ಅವನ ಎರಡೂ ಕೈ ಕಮಾನಿನ ಕಾಲುಗಳನ್ನು ಹಿಡಿದಿದ್ದವು. ಮೇಲಿನ ಕಲ್ಲು ಜಾರಿದರೆ ಕೆಳಗಿನ ಹವಳ ನುಚ್ಚುನೂರು!

ಅವಳು ತೋಳಿನ ಬಟ್ಟೆ ಮಡಚಿ ಕೈ ಇಳಿಬಿಟ್ಟಳು. ಜಾರುತ್ತಿದ್ದ ಕಲ್ಲು ಅಂಗೈಗೆ ಬಂದು ಕೂತಿತು. ಇಬ್ಬರೂ ಅದನ್ನು ಮೆಲ್ಲಗೆ ಮರಳಿನ ಮೇಲೆ ಇಳಿಸಿದರು.

“ಹೊರಗ ತೆಗದು ಅಂಟಿಸಬಾರ್ದೇನ್ರಿ?”

“ಕಲ್ಲಿನ ಮ್ಯಾಲೆ ಹವಳ ಬೆಳದೈತ್ರಿ. ಅದಕ್ಕ ಜೀವ ಐತಿ. ಬಿಸಲಾಗ ಒಣಗಿಸಿ ಅಂಟಿಸಾಕ ಅದೇನು ಚಪ್ಪಲಿ ಅಲ್ಲ.”

ಕ್ರಾಂತಿಗೆ ನಗು ಬಂತು. ತಡೆದುಕೊಂಡಳು.

“ಕಲ್ಲು ಕೂರಸೋ ಈ ಎರಡು ಬಣ್ಣದ ಪುಟ್ಟಿ ಕಲಸಾಕ ಬರ್ತೈತೇನು ನಿಮಗ?”

“ಹಲ್ಲಿನ ಅಚ್ಚು ತೆಗಿಯಾಕ ದಿನಾ ಇದನ್ನs ಕಲಸೋದು ನಾನು!”

ಎರಡು ಬಣ್ಣ ಒಂದಾಗುವವರೆಗೆ ನಾದಿ, ಉಂಡೆ ಕಟ್ಟಿ ಕೊಟ್ಟಳು. ಅವನು ಉಂಡೆಯ ಎರಡೂ ಬದಿಗೆ ಅಂಟು ಬಳಿದು ನೀರೊಳಗೆ ಒಯ್ದು, ಕಲ್ಲಿಗೆ ಕಲ್ಲು ಕೂರಿಸಿ, ಸ್ವಲ್ಪ ತಿರುಗಿಸಿ ಒತ್ತಿದ.

“ಹತ್ತು ನಿಮಿಷ ಹಿಂಗs ಹಿಡೀಬೇಕು. ಉಸಿರು ಬಿಡ್ರಿ, ಅಷ್ಟ. ಬ್ಯಾರೆ ಏನೂ ಅಲ್ಲಾಡಬಾರ್ದು.”

ನೀರೊಳಗೆ ನಾಲ್ಕು ಕೈ. ಅವನ ಕಿರುಬೆರಳು ಅವಳ ಮಣಿಕಟ್ಟಿಗೆ ತಾಗಿಯೇ ಇತ್ತು. ತೆಗೆಯುವಂತಿರಲಿಲ್ಲ... ತೆಗೆದರೆ ಕಲ್ಲು ಅಲ್ಲಾಡುತ್ತದಲ್ಲ!

ಕಟ್ಟಿದ ಹಲ್ಲಿಗಾಗಿ ವಾರಕ್ಕೊಮ್ಮೆ ಬರುವ ಉಚ್ಚಂಗೆಮ್ಮ ಬೆಂಚಿನಿಂದಲೇ ಬೊಚ್ಚುಬಾಯಿ ತೆರೆದಳು. “ಏನವ್ವಾ, ಇಬ್ರೂ ಸೇರಿ ಗಂಗಮ್ಮನ ಪೂಜಿ ಮಾಡಾಕತ್ತೀರೇನು?”

“ಅಜ್ಜೀ, ನಗಸಬ್ಯಾಡ್ರಿ!” ಎಂದ ಭೀಮರಾಜ.

ಹೊರಡುವಾಗ ಹೇಳಿದ, “ನಾಳಿಮಟ ಮುಟ್ಟಬ್ಯಾಡ್ರಿ. ಅಂಟು ಹಿಡದಂಗ ಕಾಣ್ತೈತಿ, ಒಳಗಿನ ಉಂಡಿ ಇನ್ನೂ ಹಸಿ. ಗಟ್ಟಿ ಆತೇನು ಅಂತ ಅಲ್ಲಾಡಿಸಿ ನೋಡಿದ್ರ ಕೆಟ್ಟಂಗ.”

ಆಮೇಲೆ ಹದಿನೈದು ದಿನಕ್ಕೊಮ್ಮೆ ಅವನು ಬರುವ ಶನಿವಾರ ಬಂತು. ಉಳಿದ ದಿನಗಳು ಅವಳಿಗೆ ದಿನಗಳೇ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾದು ಕೂರುವ ಬೆಂಚು. ಅವನು ಹೋದ ಮೇಲೆ ಮಣಿಕಟ್ಟನ್ನು ಮೂಗಿಗೆ ಹಿಡಿಯುತ್ತಿದ್ದಳು. ಉಪ್ಪಿನ ವಾಸನೆ. ಸಮುದ್ರ ಹೀಗೇ ಇರುತ್ತದಾ...?

ಮೂರು ತಿಂಗಳಾದ ಮೇಲೊಂದು ಶನಿವಾರ, ಕಮಾನಿಗೆ ಇನ್ನೊಂದು ಕಲ್ಲು ಕೂರಿಸಿ ಕೈ ಒರೆಸಿಕೊಳ್ಳುತ್ತಾ ಅವನೆಂದ, “ಇನ್ನ ಒಂದೂವರೆ ತಿಂಗಳು ಬರಾದಿಲ್ರಿ. ಹರಪನಹಳ್ಳ್ಯಾಗ ಡಾಕ್ಟರಮ್ಮನ ಅಣ್ಣಾರ ಹೋಟೆಲ್ನಾಗ ದೊಡ್ಡ ತೊಟ್ಟಿ ಕಟ್ಟದೈತಿ.”

ಒಂದೂವರೆ ತಿಂಗಳು! ಎಷ್ಟು ಹಗುರಾಗಿ ಹೇಳಿಬಿಟ್ಟ! ನಾನು ಯಾರೂ ಅಲ್ಲವಾ ಇವನಿಗೆ?

ಅವನು ಹೊರಟುಹೋದ ಮೇಲೆ, ಊಟದ ಹೊತ್ತು. ಕೋಣೆ ಖಾಲಿ. ಕ್ರಾಂತಿ ತೊಟ್ಟಿಯ ಮುಂದೆ ನಿಂತಳು. ‘ಸ್ವಲ್ಪ ಸಡಿಲಾದರೆ... ಡಾಕ್ಟರ್ ಫೋನ್ ಮಾಡುತ್ತಾರೆ. ನಾಳೆಯೇ ಬರುತ್ತಾನೆ...’

ಕೈ ಇಳಿಬಿಟ್ಟು, ಹಸಿ ಉಂಡೆಯನ್ನು ಹೆಬ್ಬೆರಳಿನಿಂದ ದೂಡಿದಳು. ಸ್ವಲ್ಪ. ತುಸುವೇ ತುಸು.

ಬೆಳಿಗ್ಗೆ ಬಂದಾಗ ಕಮಾನೇ ಇರಲಿಲ್ಲ. ಮೂರು ತಿಂಗಳು ಜೋಪಾನ ಮಾಡಿದ ಹವಳ ಮುರಿದು ಮರಳಿನಲ್ಲಿ ಬಿದ್ದಿತ್ತು.

ಡಾಕ್ಟರ್ ಫೋನ್ ಮಾಡಿದರು. ಆದರೆ ಅವಳೆಣಿಸಿದ ಮಾತಲ್ಲ ಅದು.

“ಒಂದು ಕಲ್ಲು ನೆಟ್ಟಗ ಅಂಟಿಸಾಕ ಬರದವ್ಗ ನಮ್ಮಣ್ಣನ ಹೋಟೆಲ್ ಕೆಲಸ ಕೊಡಸ್ಲೇನು? ಬಂದು ನಿನ್ನ ಸಾಮಾನು ಒಯ್ಯಿ!”

ಪಕ್ಕದಲ್ಲೇ ಉಪಕರಣ ತೊಳೆಯುತ್ತಿದ್ದ ಕ್ರಾಂತಿಗೆ ಎಲ್ಲ ಕೇಳಿಸಿತು. ಹೇಳು... ಈಗಲೇ ಹೇಳು! ಹೇಳಲಿಲ್ಲ.

ಅವನು ಬಂದಾಗ ಅವಳು ಒಳಗೆ, ರೋಗಿಯ ಬಾಯಿಗೆ ಜೊಲ್ಲು ಹೀರುವ ನಳಿಕೆ ಹಿಡಿದು ನಿಂತಿದ್ದಳು. ಗಾಜಿನ ಬಾಗಿಲಾಚೆ ಅವನು ಮರಳಿನಿಂದ ಏನನ್ನೋ ಎತ್ತಿಕೊಂಡು ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಒಮ್ಮೆ ಬಾಗಿಲ ಕಡೆಗೆ ಕಣ್ಣೆತ್ತಿದ. ಅದನ್ನು ಜೇಬಿಗೆ ಹಾಕಿಕೊಂಡು ಹೋಗಿಬಿಟ್ಟ.

ಅವಳು ಮಾಡಿದ ಫೋನ್ ಅವನು ಎತ್ತಲಿಲ್ಲ. ಒಂದು ಶನಿವಾರ. ಎರಡು. ಮೂರು... ತೊಟ್ಟಿಯ ಗಾಜಿಗೆ ಹಸಿರು ಪಾಚಿ ಹತ್ತಿತು. ಅದರಲ್ಲಿ ತನ್ನ ಮುಖ ಮಸುಕಾಗುತ್ತಾ ಹೋದದ್ದನ್ನು ಅವಳು ದಿನವೂ ನೋಡಿದಳು.

“ಆ ಹುಡುಗ ಎಲ್ಲೇ?” ಎಂದಳು ಉಚ್ಚಂಗೆಮ್ಮ, ಹೊಸ ಹಲ್ಲು ಮಿಂಚಿಸುತ್ತಾ. “ಅವಗ ಕೆಲಸ ಬರಾದಿಲ್ಲಂತ ಊರೆಲ್ಲ ಅಂತೈತಿ. ಪಾಪ, ಅಂಥಾ ಸಮಾಧಾನದ ಕೈ.”

ಅಷ್ಟೇ ಸಾಕಾಯಿತು. ಕ್ರಾಂತಿ ನೇರ ಒಳಗೆ ಹೋದಳು.

“ಮೇಡಂ, ಕಲ್ಲು ತಾನಾಗಿ ಬೀಳ್ಲಿಲ್ಲ. ನಾನs ದೂಡಿದೆ.”

“ಯಾಕ?”

ಕ್ರಾಂತಿಯ ಕಿವಿ ಕೆಂಪಾಯಿತು. ಡಾಕ್ಟರ್ ಮಾಸ್ಕ್ ಇಳಿಸಿ ಅವಳನ್ನೇ ನೋಡಿದರು.

“ಅಣ್ಣಗ ನಾ ಫೋನ್ ಮಾಡ್ತೀನಿ. ನೀ ಮೊದ್ಲು ಅವನ ಮುಂದ ಹೋಗಿ ಇದನ್ನs ಹೇಳು. ನಿನ್ನ ಕೆಲಸದ ಮಾತು ಆಮ್ಯಾಲೆ.”

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ತಂಬ್ರಹಳ್ಳಿಗೆ ಬಂದಾಗ ಅವನು ಮನೆಯಂಗಳದಲ್ಲಿ ಖಾಲಿ ಡ್ರಮ್ಮುಗಳನ್ನು ಬೋರಲು ಹಾಕುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

“ನಾನs ದೂಡಿದ್ರಿ,” ಎಂದಳು, ಏದುಸಿರಿನಲ್ಲೇ.

“ಗೊತ್ತೈತಿ.”

ಅವನು ಜೇಬಿನಿಂದ ಗಟ್ಟಿಯಾದ ಪುಟ್ಟಿಯ ತುಂಡು ತೆಗೆದು ಅವಳ ಅಂಗೈಗಿಟ್ಟ. ಅದರ ಮೇಲೆ ಹೆಬ್ಬೆರಳಿನ ಅಚ್ಚು. ಪುಟ್ಟದು. ಗೆರೆ ಗೆರೆಯೂ ಸ್ಪಷ್ಟ.

“ನನ್ನ ಹೆಬ್ಬಟ್ಟು ಇಷ್ಟು ಸಣ್ಣದಲ್ಲ.”

“ಗೊತ್ತಿದ್ರೂ ಮೇಡಂಗ್ಯಾಕ ಹೇಳ್ಲಿಲ್ಲ?”

“ನಿಮ್ಮ ಕೆಲಸ ಹೋಗ್ತಿತ್ತಲ್ಲ.” ಅವನು ಮುಖ ತಿರುಗಿಸಿದ. “ನಾ ಬರೋದು ನಿಮಗ ಬ್ಯಾಡಾಗೈತಿ ಅನ್ಕಂಡೆ. ಬಾಯಿಲೆ ಹೇಳಿದ್ರ ಸಾಕಿತ್ತು. ಹವಳ ಯಾಕ ಕೊಲ್ಲಬೇಕಿತ್ತು?”

“ಬ್ಯಾಡಾಗಿ ದೂಡ್ಲಿಲ್ರೀ...!” ಅವಳ ಧ್ವನಿ ಒಡೆಯಿತು. “ಲಗೂನ ಬರ್ಲಿ ಅಂತ ದೂಡಿದೆ! ಒಂದೂವರೆ ತಿಂಗಳು ನಿಮ್ಮನ್ನ ನೋಡದs ಹೆಂಗಿರ್ಲಿ ನಾನು?”

ಭೀಮರಾಜ ಬೋರಲು ಹಾಕಿದ್ದ ಡ್ರಮ್ಮೊಂದನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿದ.

“ಆ ತುಂಡು ವಾಪಸ್ ಕೊಡ್ರಿ,” ಎಂದ.

“ಯಾಕ?”

“ಇಷ್ಟು ದಿನ ಜೇಬಿನ್ಯಾಗ ಸುಮ್ನ ಇಟ್ಕಂಡಿದ್ನೇನು?”

ಶನಿವಾರ. ಹೋಟೆಲಿನ ತೊಟ್ಟಿಯ ಕೆಲಸ ಮತ್ತೆ ಅವನದಾಗಿತ್ತು, ಅವಳ ಕೆಲಸವೂ ಉಳಿದಿತ್ತು. ಕೊಟ್ಟೂರಿನ ಪುಟ್ಟ ಸಮುದ್ರದಲ್ಲಿ ಮತ್ತೆ ನಾಲ್ಕು ಕೈ. ಗಡಿಯಾರದ ಮುಳ್ಳು ಹತ್ತು ನಿಮಿಷ ದಾಟಿತು. ಹನ್ನೆರಡಾಯಿತು. ಹದಿನೈದು...

“ಹತ್ತು ನಿಮಿಷ ಆಗಿ ಹೋತಲ್ರಿ?” ಪಿಸುಗುಟ್ಟಿದಳು ಕ್ರಾಂತಿ.

“ಆತು.”

“ಮತ್ತ ಕೈ ತಗೀರಿ...”

“ನೀ ಮೊದ್ಲು ತಗಿ.”

ಮೊದಲ ಸಲ ‘ನೀ’ ಅಂದಿದ್ದ! ಅವಳು ತೆಗೆಯಲಿಲ್ಲ.

“ಈ ಸಲ ಗಟ್ಟಿ ಆತೇನು ಅಂತ ಅಲ್ಲಾಡಿಸಿ ನೋಡಂಗಿಲ್ಲ, ಹಾಂ?”

“ಇಲ್ಲ... ಬೇಕಾದಾಗ ಬಾಯಿಲೆ ಕರಿತೀನಿ,” ಎಂದಳು. “ಬರ್ತೀಯಿಲ್ಲ?”

ನೀರೊಳಗೆ ಅವನ ಕಿರುಬೆರಳು ಅವಳ ಬೆರಳಿಗೆ ಕೊಕ್ಕೆ ಹಾಕಿತು. ಕಲ್ಲು ಅಲ್ಲಾಡಲಿಲ್ಲ.