ಬಿ ಸೈಡಿನಲ್ಲಿದ್ದ ಜೂಡಿತ್

"ಟೀ ಕೆಳಗಡೆ ಸಿಗುತ್ತೆ. ಇಲ್ಲಿ ಡ್ರಮ್ಮರ್ ಆಯ್ಕೆ ನಡೀತಿದೆ."

ಗಿಟಾರಿನ ತಂತಿ ಬಿಗಿ ಮಾಡುತ್ತಾ, ತಲೆಯನ್ನೂ ಎತ್ತದೆ ಹೇಳಿದ ಆ ಉದ್ದ ಮೂಗಿನ ಹುಡುಗ.

ಬಾಗಿಲಲ್ಲಿ ನಿಂತಿದ್ದ ಲೊರೇನ್‌ಗೆ ಮೈಯೆಲ್ಲ ಉರಿದುಹೋಯಿತು. ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಫೆಬ್ರವರಿಯ ಎದುರುಗಾಳಿಯಲ್ಲಿ ಕ್ಲೀತೋರ್ಪ್ಸ್‌ವರೆಗೆ ಸೈಕಲ್ ತುಳಿದು, ಈ ಪಬ್ಬಿನ ಮಹಡಿ ಹತ್ತಿ ಬಂದಿದ್ದು ಟೀ ಕುಡಿಯೋಕಾ?

"ನಾನೇ ಡ್ರಮ್ಮರ್," ಎಂದಳು.

ಈಗ ಅವನು ತಲೆ ಎತ್ತಿದ. ಎತ್ತಿದವನು ಮತ್ತೆ ಇಳಿಸಲಿಲ್ಲ!

"ಡ್ರಮ್ಸ್ ಎಲ್ಲಿ?"

"ಇಲ್ಲ."

"ವ್ಯಾನ್?"

"ಇಲ್ಲ. ಸೈಕಲ್ ಇದೆ."

ಮೀನಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು ಚಿಪ್ಸ್ ತಿನ್ನುತ್ತಿದ್ದ ದಪ್ಪ ಹುಡುಗ ಕಿಸಕ್ಕನೆ ನಕ್ಕ. ಅವನು ಬಾಜ್. ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ, ಸಂಜೆ ಬೇಸ್ ಗಿಟಾರ್ ಬಾರಿಸುತ್ತಿದ್ದ.

"ಡಂಕನ್, 'ಡ್ರಮ್ಮರ್ ಬೇಕು, ಸ್ವಂತ ವ್ಯಾನ್ ಕಡ್ಡಾಯ' ಅಂತ ಬರೆದು ಅಂಗಡಿ ಗಾಜಿಗೆ ಅಂಟಿಸಿದ್ಯಲ್ಲಪ್ಪ. ತಗೋ, ಸೈಕಲ್ ಬಂತು!"

"ಸ್ವಲ್ಪ ಏಳಿ," ಎಂದಳು ಲೊರೇನ್.

ಬಾಜ್ ಚಿಪ್ಸ್ ಸಮೇತ ಎದ್ದ. ಅವಳು ಅವನ ಪೆಟ್ಟಿಗೆಯನ್ನೂ ಪಕ್ಕದಲ್ಲಿದ್ದ ಇನ್ನೊಂದನ್ನೂ ಎದುರಿಗೆಳೆದುಕೊಂಡು, ಕೋಟಿನೊಳಗಿಂದ ಎರಡು ಕೋಲು ತೆಗೆದಳು. ಅಪ್ಪ ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಿಂದ ಅವಳು ಕಲಿತದ್ದೆಲ್ಲ ಇಂಥ ಪೆಟ್ಟಿಗೆಗಳ ಮೇಲೇ.

"ನಿಮ್ಮ ಹಾಡು ಶುರು ಮಾಡಿ."

ಡಂಕನ್ ಶುರು ಮಾಡಿದ. ಅರ್ಧ ನಿಮಿಷಕ್ಕೆ ಅವಳು ಕೋಲು ಎತ್ತಿ ನಿಲ್ಲಿಸಿಬಿಟ್ಟಳು.

"ಓಡ್ತಿದ್ದೀರ."

"ಏನು?"

"ಲಯ ಬಿಟ್ಟು ಮುಂದೆ ಮುಂದೆ ಓಡ್ತಿದ್ದೀರ. ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ? ಈಗ ನಾನು ಎಣಿಸ್ತೀನಿ. ನಾಲ್ಕು ಅನ್ನೋವರೆಗೂ ತಂತಿ ಮುಟ್ಟಬೇಡಿ."

ಒಂದು... ಎರಡು... ಮೂರು... ನಾಲ್ಕು!

ಆ ಹಾಡು ಮೊದಲ ಸಲ ಹಾಡಿನ ಹಾಗೆ ಕೇಳಿಸಿತು. ಡಂಕನ್‌ನ ಕಿವಿ ಕೆಂಪಾದವು. ಅವನ ಆ ಕೆಂಪು ಕಿವಿ ನೋಡಿ ಲೊರೇನ್‌ಳ ಎದೆಯೊಳಗೆ ಏನೋ ಲಯ ತಪ್ಪಿತು. 'ಥೂ, ಬಂದ ಕೆಲಸ ನೋಡು!' ಎಂದು ತನ್ನನ್ನು ತಾನೇ ಬೈದುಕೊಂಡಳು.

ಹೀಗೆ ೧೯೮೭ರಲ್ಲಿ 'ದಿ ಡ್ಯಾಂಪ್ ಡೆಕ್‌ಚೇರ್ಸ್' ಎಂಬ ಬ್ಯಾಂಡ್ ಹುಟ್ಟಿತು. ಹೆಸರಿನ ಅರ್ಥ ಒದ್ದೆಯಾದ ಆರಾಮಕುರ್ಚಿಗಳು. ನಮ್ಮೂರ ಸಮುದ್ರದಂಡೆಯಲ್ಲಿ ಒಣಗಿದ ಕುರ್ಚಿ ನೋಡಿದವರು ಯಾರೂ ಇಲ್ಲ, ಹಾಗಾಗಿ ಹೆಸರಿಗೆ ಯಾರೂ ತಕರಾರು ಮಾಡಲಿಲ್ಲ.

ಬಾಜ್ ತನ್ನ ಮಾವನ ಮೀನಿನ ವ್ಯಾನ್ ತಂದ. ಶೆಫೀಲ್ಡ್, ಲೆಸ್ಟರ್, ನಾರ್ವಿಚ್... ಎಲ್ಲಿಗೆ ಹೋದರೂ ಇವರಿಗಿಂತ ಮುಂಚೆ ಇವರ ವಾಸನೆ ಒಳಗೆ ಹೋಗುತ್ತಿತ್ತು. ಒಂದೂರಲ್ಲಿ ಕೇಳುಗರು ಒಂಬತ್ತು ಜನ. ಅದರಲ್ಲಿ ಮೂವರು ಮುಂದೆ ಹಾಡಬೇಕಿದ್ದ ಬ್ಯಾಂಡಿನವರು. ಆದರೂ ಲೊರೇನ್‌ಗೆ ಅಷ್ಟು ಖುಷಿಯ ದಿನಗಳು ಹಿಂದೆಂದೂ ಬಂದಿರಲಿಲ್ಲ.

ಮರುವರ್ಷ ಮೊದಲ ರೆಕಾರ್ಡು ಬಂತು. ಹೊರಕವರನ್ನು ಮೂವರೂ ಪಬ್ಬಿನ ಮೇಜಿನ ಮೇಲೆ ಕೈಯಾರೆ ಮಡಚಿದರು. ಅಭಿಮಾನಿಗಳು ಪತ್ರ ಬರೆಯಲಿ ಎಂದು ಹಿಂಭಾಗದಲ್ಲಿ ಲೊರೇನ್‌ಳ ಅಮ್ಮ ಡೊರೀನ್‌ಳ ಮನೆ ವಿಳಾಸ ಹಾಕಿದರು. ಬಂದ ಪತ್ರಕ್ಕೆಲ್ಲ ಉತ್ತರ ಬರೆಯುವ ತಾಳ್ಮೆ ಇದ್ದದ್ದು ಲೊರೇನ್‌ಗೊಬ್ಬಳಿಗೇ.

ಇನ್ನೊಂದು ಸಂಗತಿ ಇದೆ. ರೆಕಾರ್ಡಿನಲ್ಲಿ ಹಾಡು ಮುಗಿದ ಮೇಲೆ, ನಡುವೆ ಅಂಟಿಸಿದ ದುಂಡು ಲೇಬಲ್ಲಿನ ಸುತ್ತ, ಒಂದು ಬೆರಳಗಲ ನುಣುಪು ಜಾಗ ಉಳಿಯುತ್ತದಲ್ಲ... ಲಂಡನ್ನಿನಲ್ಲಿ ರೆಕಾರ್ಡು ಕೊರೆಯುವಾತ ಸಣ್ಣ ಬ್ಯಾಂಡಿನವರನ್ನು ಕೇಳುತ್ತಿದ್ದ, "ಅಲ್ಲೇನಾದ್ರೂ ಗೀಚಬೇಕಾ?" ಎಂದು. ಚೀಟಿಯಲ್ಲಿ ಬರೆದುಕೊಟ್ಟರೆ ಸೂಜಿಯಿಂದ ಗೀಚುತ್ತಿದ್ದ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಮಾತು. ಮೊದಲ ರೆಕಾರ್ಡಿನಲ್ಲಿ ಬಾಜ್ ಗೀಚಿಸಿದ್ದು, 'ಚಿಪ್ಸ್‌ಗೆ ಉಪ್ಪು ಸಾಲದು.'

೧೯೯೦ರ ಒಂದು ಮಧ್ಯಾಹ್ನ ಲೆಸ್ಟರ್ ಹತ್ತಿರ ವ್ಯಾನ್ ಕೆಟ್ಟು ನಿಂತಿತು. ಬಾಜ್ ಸಹಾಯ ಹುಡುಕಿಕೊಂಡು ಹೋದ. ರಸ್ತೆ ಬದಿಯ ಹುಲ್ಲಿನ ಮೇಲೆ ಡಂಕನ್ ಮತ್ತು ಲೊರೇನ್, ನಡುವೆ ಒಂದೇ ಫ್ಲಾಸ್ಕು, ಒಂದೇ ಮುಚ್ಚಳದ ಟೀ.

"ಲೊರೇನ್..."

"ಹೂಂ?"

"ನಿನಗೊಂದು ಮಾತು..."

ಅವಳು ಉಸಿರು ಬಿಗಿಹಿಡಿದಳು. 'ಹೇಳೋ... ಹೇಳೋ ಪುಣ್ಯಾತ್ಮ! ಮೂರು ವರ್ಷದಿಂದ ಕಾಯ್ತಿದ್ದೀನಿ!'

"ಮೂರು ಪೇಸ್ಟ್ರಿ ತಂದೆ! ಒಂದು ದಾರೀಲೇ ಖಾಲಿ!" ಬಾಜ್ ಪ್ರತ್ಯಕ್ಷನಾದ.

ಡಂಕನ್ ನಾಲಗೆ ಮತ್ತೆ ಒಳಗೆ ಸೇರಿಕೊಂಡಿತು. ಸಾವಿರ ಜನರ ಮುಂದೆ ಹಾಡೆಂದರೆ ಹಾಡುತ್ತಾನೆ, ಒಬ್ಬಳ ಮುಂದೆ ಒಂದು ಮಾತು ಆಡೆಂದರೆ ಬೆವರುತ್ತಾನೆ. ಮುಂದಿನ ವಾರ ಎರಡನೇ ರೆಕಾರ್ಡು ಕೊರೆಸಲು ಅವನೊಬ್ಬನೇ ಲಂಡನ್ನಿಗೆ ಹೋಗಿ ಬಂದ. ಬಂದವನು ಅವಳ ಮುಖ ನೋಡದೆ ಹೇಳಿದ.

"ರೆಕಾರ್ಡು ಬಂದಾಗ ಬಿ ಸೈಡ್ ನೋಡು. ಗೀಚಿರೋದು. ನೋಡಿ... ಏನಾದ್ರೂ ಒಂದು ಹೇಳು."

ಐದು ವಾರ! ಲೊರೇನ್ ಕಾರ್ಖಾನೆಯಲ್ಲಿ ಮೀನು ಎಣಿಸುವ ಬದಲು ದಿನ ಎಣಿಸಿದಳು.

ರೆಕಾರ್ಡಿನ ಪೆಟ್ಟಿಗೆ ಬಂದ ದಿನ ಅಡುಗೆಮನೆಯ ಕಿಟಕಿಗೆ ಓಡಿ, ರೆಕಾರ್ಡನ್ನು ಮಗುಚಿ ಬಿ ಸೈಡನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಸಣ್ಣ ಅಕ್ಷರಗಳು ಮೂಡಿದವು.

'ಜೂಡಿತ್, ಮನೆಗೆ ಬಾ. ನೀನಿಲ್ಲದ ಮನೆ ಮನೆಯಲ್ಲ.'

ಜೂಡಿತ್?!

ಇನ್ನೊಮ್ಮೆ ಓದಿದಳು. ಅಕ್ಷರ ಬದಲಾಗಲಿಲ್ಲ. 'ಇದನ್ನೇ ನನಗೆ ಹೇಳೋಕೆ ಒದ್ದಾಡ್ತಿದ್ನಾ? ಯಾವಳೋ ಒಬ್ಬಳು ಇದ್ದಾಳೆ ಅಂತ... ನಾನು ಎಂಥಾ ಹುಚ್ಚಿ!'

"ಏನಾಯ್ತು ಚಿನ್ನ?" ಅಮ್ಮ ಕೇಳಿದಳು.

"ಈರುಳ್ಳಿ ಅಮ್ಮ."

"ನಾನು ಈರುಳ್ಳಿ ಹೆಚ್ಚೇ ಇಲ್ವಲ್ಲೇ!"

ಲೊರೇನ್ ಒಂದು ಹಾಡಿನ ಪಟ್ಟಿಯ ಹಿಂದೆ ಮೂರು ಸಾಲು ಬರೆದು ಡಂಕನ್ ಬಾಗಿಲಡಿ ತೂರಿಸಿದಳು. 'ನೋಡಿದೆ. ನಾನಿನ್ನು ಬ್ಯಾಂಡಿನಲ್ಲಿ ಇರಲಾರೆ. ನಿನಗೆ ಒಳ್ಳೆಯದಾಗಲಿ.'

ಅದನ್ನೋದಿದ ಡಂಕನ್ ಇಡೀ ದಿನ ಮೆಟ್ಟಿಲ ಮೇಲೆ ಕೂತಿದ್ದ. ಕೇಳಿದ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ 'ಒಲ್ಲೆ' ಬಂದ ಮೇಲೆ ಇನ್ನೇನು ಕೇಳುವುದು? ಆ ರೆಕಾರ್ಡನ್ನು ಕವರಿನಿಂದ ತೆಗೆದು ನೋಡುವ ಧೈರ್ಯ ಅವನಿಗೆ ಮುಂದೆಂದೂ ಬರಲಿಲ್ಲ.

ಲೊರೇನ್ ಹಂಬರ್ ಸೇತುವೆ ದಾಟಿ ಹಲ್ ನಗರ ಸೇರಿ, ಬಸ್ ಡ್ರೈವರ್ ಆದಳು. ಒಂದು ನಿಮಿಷವೂ ತಡವಾಗದ ಬಸ್ ಎಂದು ಅವಳ ಬಸ್ಸಿಗೆ ಹೆಸರು ಬಂತು. ಆರು ತಿಂಗಳಾದ ಮೇಲೆ ಅಮ್ಮ ಫೋನಿನಲ್ಲಿ ಸುದ್ದಿ ಕೊಟ್ಟಳು.

"ನಿನ್ನ ಜಾಗಕ್ಕೆ ತಾಳ ಹೊಡೆಯೋ ಮೆಷಿನ್ ತಂದಿದ್ದಾರಂತೆ ಕಣೇ. ಬಾಜ್ ಅದಕ್ಕೆ ಕೆವಿನ್ ಅಂತ ಹೆಸರಿಟ್ಟಿದ್ದಾನೆ."

"ನನ್ನ ಬದಲು ಒಂದು ಡಬ್ಬಾನಾ?!"

ಆ ರಾತ್ರಿ ಅವಳು ಅತ್ತಳು. ಸಿಟ್ಟಿಗೇ ಅಳುತ್ತಿದ್ದೇನೆ ಎಂದುಕೊಂಡಳು. ಸಿಟ್ಟು ಅಷ್ಟು ಹೊತ್ತು ಅಳಿಸುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಐದು ವರ್ಷ ಕಳೆಯಿತು. ೧೯೯೫ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಲೊರೇನ್ ಊರಿಗೆ ಬಂದಳು. ಮಧ್ಯಾಹ್ನದಿಂದ ಪಾಳಿ ಇದ್ದದ್ದರಿಂದ ಡ್ರೈವರ್ ಸಮವಸ್ತ್ರದಲ್ಲೇ ಇದ್ದಳು. ಅಮ್ಮ ಟೀ ಜೊತೆ ಒಂದು ಚಪ್ಪಟೆ ಪೊಟ್ಟಣ ಇಟ್ಟಳು.

"ಡಂಡೀಯಿಂದ ಬಂದಿದೆ. ನಿಮ್ಮ ಬ್ಯಾಂಡಿನ ಹೆಸರಿಗೆ. ಈಗಲೂ ನಿಮಗೆ ಪತ್ರ ಬರೆಯೋರು ಇದ್ದಾರಾ?"

ಒಳಗೆ ಯಾವುದೋ ಸ್ಕಾಟ್ಲೆಂಡ್ ಬ್ಯಾಂಡಿನ ರೆಕಾರ್ಡು, ಜೊತೆಗೊಂದು ಪತ್ರ.

'ಲೊರೇನ್ ಅವರೇ, ನೀವು ಯಾರೋ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ನಾನು ಒಂದು ಟೀಪಾಟ್ ಒಡೆದಿದ್ದೇನೆ. ಗಂಡನ ತಲೆಗೆ ಗುರಿಯಿಟ್ಟಿದ್ದೆ, ಗೋಡೆಗೆ ಬಿತ್ತು. ಐದು ವರ್ಷದ ಹಿಂದೆ ನಾನು ಮುನಿಸಿಕೊಂಡು ತವರಿಗೆ ಹೋಗಿದ್ದಾಗ, ನನ್ನ ಕ್ಯಾಲಮ್ ತನ್ನ ಬ್ಯಾಂಡಿನ ಈ ರೆಕಾರ್ಡಿನಲ್ಲಿ ನನಗೊಂದು ಮಾತು ಗೀಚಿಸಿದ್ದನಂತೆ. ನೋಡಿದರೆ ಅಲ್ಲಿ ನಿಮ್ಮ ಹೆಸರು! ಅವನು ಆಣೆ ಹಾಕಿದ, ಅತ್ತ, ಕೊನೆಗೆ ನಾನೇ ಕ್ಷಮಿಸಿದೆ. ಪೂರ್ತಿ ನಂಬಿದ್ದು ಮಾತ್ರ ಹೋದ ವಾರ. ಹಳೇ ರೆಕಾರ್ಡು ಮಾರುವಲ್ಲಿ ನಿಮ್ಮ ಬ್ಯಾಂಡಿನದೊಂದು ಸಿಕ್ಕಿತು. ಅದರಲ್ಲಿ ನನ್ನ ಹೆಸರಿದೆ! ಎರಡೂ ಒಂದೇ ಕಡೆ, ಒಂದೇ ದಿನ ಕೊರೆದದ್ದಂತೆ. ಆ ಮನುಷ್ಯ ಎರಡು ಚೀಟಿ ಅದಲುಬದಲು ಮಾಡಿದ್ದಾನೆ. ನಿಮ್ಮ ಮಾತು ಇಷ್ಟು ದಿನ ನಮ್ಮ ಮನೆಯಲ್ಲಿತ್ತು. ತಗೊಳ್ಳಿ. ಬರೆದವನನ್ನು ನೀವು ಆಗಲೇ ಮದುವೆಯಾಗಿದ್ದರೆ ಸಂತೋಷ. ಇಲ್ಲದಿದ್ದರೆ ಬೇಗ ಏನಾದರೂ ಮಾಡಿ. ಇತಿ, ಜೂಡಿತ್.'

ಅದೇ ಅಡುಗೆಮನೆ, ಅದೇ ಕಿಟಕಿ. ಲೊರೇನ್ ರೆಕಾರ್ಡನ್ನು ಓರೆ ಹಿಡಿದಳು.

'ಲೊರೇನ್, ಜೀವನವಿಡೀ ನೀನೇ ಎಣಿಸು. ನಾನಿನ್ನು ಓಡಲ್ಲ.'

"ಅಯ್ಯೋ ದೇವರೇ..." ಅವಳು ಪತ್ರವನ್ನು ಅಮ್ಮನ ಕೈಗಿಟ್ಟಳು. 'ಅವನು ಕೇಳಿದ್ದ! ಐದು ವರ್ಷದ ಹಿಂದೆಯೇ ಕೇಳಿದ್ದ! ಮತ್ತೆ ನಾನು... ಇರಲಾರೆ ಅಂತ ಬರೆದೆ!'

ಡೊರೀನ್ ಪತ್ರ ಓದಿದಳು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಗೋಡೆ ಗಡಿಯಾರ ನೋಡಿದಳು.

"ಇವತ್ತು ಎರಡು ಗಂಟೆಗೆ ಸಮುದ್ರದಂಡೆ ಮಂಟಪದಲ್ಲಿ ಅವರ ಕೊನೇ ಕಾರ್ಯಕ್ರಮ ಕಣೇ. ಬ್ಯಾಂಡ್ ಮುಚ್ಚುತ್ತಾರಂತೆ. ಡಂಕನ್ ಸೋಮವಾರ ಬ್ರಿಸ್ಟಲ್‌ಗೆ ಹೋಗ್ತಾನೆ, ಅಲ್ಲೇ ಕೆಲಸ."

ಲೊರೇನ್ ಡಿಪೋಗೆ ಫೋನ್ ಮಾಡಿದಳು. "ಇವತ್ತು ನನ್ನ ಪಾಳಿಗೆ ಬೇರೆಯವರನ್ನ ಹಾಕಿ. ನನಗೆ ಐದು ವರ್ಷ ತಡವಾಗಿದೆ!"

ಮಂಟಪದ ಮುಂದೆ ಇಪ್ಪತ್ಮೂರು ಜನ, ಎರಡು ನಾಯಿ. ಬಿಸಿಲಿತ್ತು, ಕುರ್ಚಿಗಳು ಮಾತ್ರ ಎಂದಿನಂತೆ ಒದ್ದೆ. ಡಂಕನ್‌ನ ಕೂದಲು ಸ್ವಲ್ಪ ಕಡಿಮೆಯಾಗಿತ್ತು, ಮೂಗು ಹಾಗೇ ಇತ್ತು. ಮೇಜಿನ ಮೇಲೆ ಕೆವಿನ್ ಟಕಟಕ ಎನ್ನುತ್ತಿತ್ತು. ಡಂಕನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಓಡುತ್ತಿದ್ದ!

ಅಳುವಿನ ನಡುವೆಯೂ ಲೊರೇನ್‌ಗೆ ನಗು ಬಂತು. ಸೀದಾ ಮೆಟ್ಟಿಲು ಹತ್ತಿ, ಕೆವಿನ್‌ನ ಪ್ಲಗ್ ಕಿತ್ತಳು.

ಹಾಡು ನಿಂತಿತು. ಡಂಕನ್ ತಿರುಗಿದ. ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಕೆವಿನ್ ಸತ್ತ," ಎಂದ ಬಾಜ್ ಮೈಕಿನಲ್ಲಿ.

"ಓದು," ಎಂದು ಲೊರೇನ್ ರೆಕಾರ್ಡನ್ನು ಡಂಕನ್ ಕೈಗಿಟ್ಟಳು. "ಬಿಸಿಲಿಗೆ ಓರೆ ಹಿಡಿ."

ಓದಿದ. ಕಿವಿ ಕೆಂಪಾದವು.

"ಇದು ನಾನು ಬರೆಸಿದ್ದು. ಆದ್ರೆ... ಇದು ನಮ್ಮ ರೆಕಾರ್ಡೇ ಅಲ್ವಲ್ಲ!"

"ನಮ್ಮದರಲ್ಲಿ ಏನಿದೆ ಗೊತ್ತಾ? 'ಜೂಡಿತ್, ಮನೆಗೆ ಬಾ.' ಅದನ್ನ ನೋಡಿ ನಾನು ಊರು ಬಿಟ್ಟೆ ಕಣೋ! ಚೀಟಿ ಅದಲುಬದಲಾಗಿತ್ತು!"

"ಜೂಡಿತ್ ಯಾರು?"

"ಅದನ್ನೇ ನಾನು ಐದು ವರ್ಷ ಯೋಚಿಸಿದ್ದು!"

"ಓ, ಅದಾ," ಎಂದ ಬಾಜ್. "ನಾನು ಆಗಲೇ ನೋಡಿದ್ದೆ. ಕೊರೆಯೋನ ಹೆಂಡತಿ ಇರಬೇಕು ಅಂದ್ಕೊಂಡೆ."

ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು.

"ಬಾಜ್!!"

"ನನ್ನನ್ನ ಯಾರೂ ಕೇಳ್ಲೇ ಇಲ್ವಲ್ಲಪ್ಪ!"

ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ಡಂಕನ್ ಮಾತ್ರ ನಗಲಿಲ್ಲ.

"ನೀನು ಒಲ್ಲೆ ಅಂದೆ ಅಂದ್ಕೊಂಡಿದ್ದೆ ಲೊರೇನ್. ನಿನ್ನ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಆ ಡಬ್ಬ ತಂದೆ."

ಐದು ವರ್ಷ ತನ್ನನ್ನು ಅವಮಾನಿಸಿದೆ ಎಂದುಕೊಂಡಿದ್ದ ಡಬ್ಬವನ್ನು ಲೊರೇನ್ ಮೊದಲ ಸಲ ಪ್ರೀತಿಯಿಂದ ನೋಡಿದಳು.

ಬಾಜ್ ಸದ್ದಿಲ್ಲದೆ ತಾನು ಕೂತಿದ್ದ ಮೀನಿನ ಪೆಟ್ಟಿಗೆಯನ್ನು ಅವಳ ಮುಂದೆ ಬೋರಲು ಹಾಕಿದ, ಇನ್ನೊಂದನ್ನು ವ್ಯಾನಿನಿಂದ ತಂದ. ಸಮವಸ್ತ್ರದ ಕೋಟಿನೊಳಗಿಂದ ಲೊರೇನ್ ಎರಡು ಹಳೇ ಕೋಲು ತೆಗೆದಳು.

"ಮೊದಲನೇ ಹಾಡು. ನಾನು ಎಣಿಸ್ತೀನಿ. ಒಂದು... ಎರಡು... ಮೂರು..."

ನಿಲ್ಲಿಸಿಬಿಟ್ಟಳು!

ಡಂಕನ್‌ನ ಕೈ ತಂತಿಯ ಮೇಲೇ ಇತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಅದು ಮುಂದೆ ಓಡಲಿಲ್ಲ. ಕಾಯಿತು.

"ನಾಲ್ಕು ಎಲ್ಲಿ?" ಎಂದ ಮೆಲ್ಲಗೆ.

"ಹೇಳ್ತೀನಿ. ಅದಕ್ಕೆ ಮುಂಚೆ ನೀನು ಹೇಳು. ಗೀಚಿಸೋದಲ್ಲ... ನಿನ್ನ ಬಾಯಿಂದ."

ಅವನು ಮೈಕಿನಿಂದ ಪಕ್ಕಕ್ಕೆ ಸರಿದು, ಅವಳ ಮುಂದೆ ಬಗ್ಗಿದ.

"ನಿನ್ನನ್ನ ಪ್ರೀತಿಸ್ತೀನಿ ಲೊರೇನ್. ಆ ಮೊದಲನೇ ದಿನದಿಂದ."

"ಟೀ ಕೆಳಗಡೆ ಸಿಗುತ್ತೆ ಅಂದ ದಿನದಿಂದಾನಾ?"

"ಅಂದಾದ ಮೇಲೆ ತಲೆ ಎತ್ತಿದೆನಲ್ಲ... ಆಗಿನಿಂದ."

ಲೊರೇನ್ ತೋಳಿನಿಂದ ಕಣ್ಣೊರೆಸಿಕೊಂಡು, ಕೋಲು ಮೇಲೆತ್ತಿದಳು.

"ನಾಲ್ಕು!"