ಗಾಡಿ ಓಡಿಸಿದ್ದು ನಾನು

"ಯಾರು ಓಡ್ಸಿದ್ದು ಈ ಗಾಡಿಯ?"

ಆ ದನಿಗೆ ನೆರೆದಿದ್ದ ಜನ ದಾರಿ ಬಿಟ್ಟರು.

ರಸ್ತೆಯ ತುಂಬ ಹಿಪ್ಪುನೇರಳೆ ಸೊಪ್ಪು ಚೆಲ್ಲಿತ್ತು. ಅದರ ನಡುವೆ ಒಬ್ಬ ಮುದುಕರು ಬಿದ್ದಿದ್ದರು, ಪಕ್ಕದಲ್ಲಿ ಅವರ ಮೊಪೆಡ್ಡು, ಅದಕ್ಕೆ ಗುದ್ದಿ ನಿಂತ ಒಂದು ವ್ಯಾನು. ದುಪಟ್ಟಾದಿಂದ ಅವರ ಹಣೆಯ ಗಾಯ ಒತ್ತಿ ಹಿಡಿದು ಶಾಂಭವಿ ಕೂತಿದ್ದಳು.

ಆಗಲೇ ಯಾರೋ ಅವಳ ಕಿವಿಯಲ್ಲಿ ಹೇಳಿ ಆಗಿತ್ತು. "ಸುಮ್ಕೆ ಹತ್ಕಂಡು ಹೊಂಟೋಗವ್ವ. ಅವ್ರೂರೋರು ಬಂದ್ರೆ ಬುಡಾಕಿಲ್ಲ."

ಹೋಗಿಬಿಡಲೇ... ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಮುದುಕರ ಬೆರಳು ಅವಳ ಬಳೆಯನ್ನು ಹಿಡಿದುಕೊಂಡಿತ್ತು.

ತಲೆ ಎತ್ತಿದಳು. ಎದುರಿಗೆ ನಿಂತವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ತೋಟದಿಂದ ಹಾಗೇ ಓಡಿ ಬಂದಿದ್ದ.

"ನಾನು," ಅಂದಳು. "ಗಾಡಿ ಓಡಿಸಿದ್ದು ನಾನು. ಇವರು ನಿಮಗೇನಾಗಬೇಕು?"

"ನಮ್ಮಪ್ಪ."

ಹಿಂದಿನಿಂದ ಒಬ್ಬ ಕೈ ಎತ್ತಿಕೊಂಡು ಮುಂದೆ ಬಂದ. ಮುದುಕರ ಮಗ ಅಶ್ವಥ್ ಅವನ ಕೈಯನ್ನು ನಡುವೆಯೇ ಹಿಡಿದ.

"ಬುಡ್ಲಾ. ಅದೆಲ್ಲ ಆಮ್ಯಾಕೆ. ಮೊದ್ಲು ಅಪ್ಪನ್ನ ಎತ್ರಲಾ."

"ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೀನಿ, ತಡ ಆಗುತ್ತಂತೆ," ಅಂದಳು ಶಾಂಭವಿ. "ನನ್ನ ವ್ಯಾನಲ್ಲೇ ಮಲಗಿಸಿ. ನಿಧಾನ... ಕತ್ತು ಅಲ್ಲಾಡದ ಹಾಗೆ."

ವ್ಯಾನಿನ ತುಂಬ ಚನ್ನಪಟ್ಟಣದ ಬೊಂಬೆಗಳು. ಹೈವೇ ಅಂಗಡಿಗಳಿಗೆ ಹಾಕಲು ಹೊರಟಿದ್ದ ಡಬ್ಬಗಳನ್ನು ರಸ್ತೆ ಬದಿಗೆ ಎಳೆದು ಹಾಕಿ ಜಾಗ ಮಾಡಿದಳು. ಬಣ್ಣಬಣ್ಣದ ಬುಗುರಿಗಳು ಸೊಪ್ಪಿನ ಮೇಲೆ ಉರುಳಿದವು.

"ನೀವೇ ಓಡುಸ್ತೀರಾ?"

"ಓಡಿಸ್ತೀನಿ. ನೀವು ಅವರನ್ನ ಹಿಡ್ಕೊಳ್ಳಿ."

ರಾಮನಗರದ ಆಸ್ಪತ್ರೆ ಮುಟ್ಟುವವರೆಗೂ ಅವಳು ಕನ್ನಡಿಯಲ್ಲಿ ನೋಡಿದ್ದು ಎರಡು ಕಣ್ಣುಗಳನ್ನು. ಅವುಗಳಲ್ಲಿ ಬೈಗುಳ ಇರಲಿಲ್ಲ. ಅದಕ್ಕಿಂತ ಕಷ್ಟದ್ದೇನೋ ಇತ್ತು. ನಂಬಿಕೆ.

ಅಶ್ವಥನ ಅಪ್ಪ ಚೆಲುವಯ್ಯನವರನ್ನು ಒಳಗೆ ಒಯ್ದರು. ತಲೆಗೆ ಏಟು, ಕಾಲು ಮುರಿದಿದೆ, ಎಚ್ಚರ ಬರಲಿ ನೋಡೋಣ ಅಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಒಂದೊಂದು ತುದಿಗೆ ಕೂತರು. ಅಶ್ವಥ್ ಹೆಗಲ ಮೇಲಿನ ಟವೆಲನ್ನು ತೆಗೆದು ಅವಳ ಕಡೆ ಚಾಚಿದ.

"ಮೊಣಕೈಲಿ ರಕ್ತ ಸೋರ್ತಾ ಐತೆ. ಕಟ್ಕಳಿ."

ಅವಳಿಗೆ ಗೊತ್ತೇ ಆಗಿರಲಿಲ್ಲ. ಟವೆಲು ತೆಗೆದುಕೊಂಡಾಗ ಕಣ್ಣು ತುಂಬಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು...

ಅವನು ಔಷಧಿ ತರಲು ಹೋದ. ಅಷ್ಟರಲ್ಲಿ ಅವಳ ತಂದೆ ಚನ್ನಲಿಂಗಪ್ಪ ಬಂದರು, ಬೊಂಬೆ ಕಾರ್ಖಾನೆಯ ಯಜಮಾನರು.

"ನಡಿ ಮನೆಗೆ. ಸ್ಟೇಷನ್‌ಗೆ ನಾನು ಹೇಳ್ಕೋತೀನಿ."

"ನಾನೇ ಹೋಗಬೇಕಲ್ವಾ ಅಪ್ಪಾಜಿ?"

"ಎಲ್ಲ ನಾನು ನೋಡ್ಕೋತೀನಿ ಅಂದ್ನಲ್ಲಮ್ಮ."

ಹುಟ್ಟಿದಾಗಿನಿಂದ ಆ ಮಾತನ್ನು ನಂಬಿಯೇ ಬೆಳೆದವಳು. ನಡೆದಳು.

ಅಶ್ವಥ್ ಹಿಂದಿರುಗಿದಾಗ ಬೆಂಚು ಖಾಲಿ ಇತ್ತು.

ಮರುದಿನ ಬೆಳಿಗ್ಗೆ ವಿಮಲಮ್ಮ ಮಗಳನ್ನು ಆಟೋದಲ್ಲಿ ಕೆಂಗಲ್ ಆಂಜನೇಯನ ಗುಡಿಗೆ ಕರೆತಂದರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಶಾಂಭವಿ ಗುಡಿಯ ಮುಂದೆ ಇಳಿದವಳೇ ನಿಂತುಬಿಟ್ಟಳು.

ಅವಳ ವ್ಯಾನು ಅಲ್ಲಿತ್ತು. ಚನ್ನಲಿಂಗಪ್ಪ ಮುಂಚೆಯೇ ತಂದಿದ್ದರು. ಗಾಜಿಗೆ ಕುಂಕುಮ, ಮುಂದಕ್ಕೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಏಟಾದ ಗಾಡಿಯನ್ನು ತೊಳೆದು, ದೃಷ್ಟಿ ತೆಗೆದು, ದೇವರಿಗೆ ತೋರಿಸದೆ ಆ ಮನೆಯವರು ಮತ್ತೆ ಹತ್ತುವುದಿಲ್ಲ. ಮಗಳಿಗೆ ಅಂಟಿದ ಕೆಟ್ಟದ್ದು ನೀರಿನ ಜೊತೆ ಹರಿದು ಹೋಗಲಿ ಅಂತ ವಿಮಲಮ್ಮ ಎದ್ದವರೇ ಅರಿಸಿನದ ನೀರು ಹಾಕಿ ತಿಕ್ಕಿದ್ದರು. ಬೇರೆ ಎಣಿಕೆ ಆ ತಾಯಿಗೆ ಇರಲಿಲ್ಲ.

ಆದರೆ ಮೆಟ್ಟಿಲ ಬಳಿ ಅಶ್ವಥ್ ನಿಂತಿದ್ದ. ಅಪ್ಪನ ಹೆಸರಿಗೆ ದೀಪ ಹಚ್ಚಲು ಬಂದವನು.

"ನಿಮ್ಮ ತಂದೆ..." ಅಂದಳು ಶಾಂಭವಿ.

"ಉಸ್ರು ಐತೆ. ಕಣ್ ಬುಟ್ಟಿಲ್ಲ." ಅವನು ವ್ಯಾನಿನ ಕಡೆ ನೋಡಿದ. "ರಕ್ತ ತೊಳ್ದು ಹೂವ ಮುಡ್ಸಿದ್ದೀರಲ್ಲ. ಚೆಂದಾಗೈತೆ."

"ನಮ್ಮಮ್ಮ ಪೂಜೆಗೆ ಅಂತ..."

"ಪೊಲೀಸ್ನೋರು ಇನ್ನೂ ಗಾಡಿ ನೋಡೇ ಇಲ್ಲ." ಅವನ ದನಿ ಏರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. "ನೆನ್ನೆ ಅಷ್ಟು ಜನದ್ ಮುಂದೆ ನಾನು ಅಂದ್ರಿ. ಆ ಹುಡ್ಗಿ ಸುಳ್ ಹೇಳಾಕಿಲ್ಲ ಕಣ್ರಲಾ ಅಂತ ಊರೋರ್ ಕುಟ್ಟೆ ಜಗ್ಳ ಆಡ್ದೆ. ಇವತ್ತು ಖಲಂದರ್ ಅನ್ನೋರು ಹೇಳಿಕೆ ಕೊಡ್ತಾವ್ರಂತಲ್ಲ, ಓಡ್ಸಿದ್ದು ನಾನೇ ಅಂತ?"

ಖಲಂದರಣ್ಣ?

ಕಾರ್ಖಾನೆಯಲ್ಲಿ ಬೊಂಬೆ ಕಡೆಯುವವನು. ಅವಳಿಗೆ ಗಾಡಿ ಕಲಿಸಿದವನು.

ಅವಳು ತಂದೆಯ ಕಡೆ ತಿರುಗಿದಳು. ಚನ್ನಲಿಂಗಪ್ಪ ಶಲ್ಯದಿಂದ ಮುಖ ಒರೆಸಿಕೊಂಡರು.

"ಮಾಗಡಿಯೋರು ನಿನ್ನ ನೋಡೋಕೆ ಬರೋರಿದ್ದಾರೆ. ಹೆಣ್ಣುಮಗಳ ಹೆಸರು ಸ್ಟೇಷನ್‌ನಲ್ಲಿ ಬೇಡ ಕಣಮ್ಮ. ಖಲಂದರ್ ಒಪ್ಪಿದ್ದಾನೆ."

"ನೀವು ಕೇಳಿದ್ರೆ ಅವನು ಇಲ್ಲ ಅಂತಾನಾ ಅಪ್ಪಾಜಿ? ಸಹಿ ಹಾಕಿದ್ನಾ?"

"ಈಗ ಹೋಗಿದ್ದಾನೆ."

ಅವಳು ತಂದೆಯ ಹತ್ತಿರವಿದ್ದ ವ್ಯಾನಿನ ಬೀಗದ ಕೈಗೆ ಕೈ ಚಾಚಿದಳು. ತಂದೆ ಮುಷ್ಟಿ ಬಿಗಿ ಹಿಡಿದರು. ಮರುಕ್ಷಣ ಅವಳೇ ಕೈ ಹಿಂದೆಗೆದಳು.

"ಬೇಡ. ಇನ್ನು ಈ ಗಾಡಿ ಯಾರೂ ಮುಟ್ಟಬೇಡಿ. ಪೊಲೀಸರೇ ಬಂದು ನೋಡಲಿ, ಹೂವಿನ ಸಮೇತ."

ಅಶ್ವಥ್ ಕಡೆ ತಿರುಗಿದಳು.

"ನನ್ನ ಸ್ಟೇಷನ್‌ಗೆ ಬಿಡ್ತೀರಾ?"

"ನಾನಾ?"

"ನಾನು ಸುಳ್ಳು ಹೇಳ್ತೀನೋ ಇಲ್ವೋ, ನೀವೇ ಎದುರಿಗೆ ನಿಂತು ಕೇಳಿ."

ವಿಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚನ್ನಲಿಂಗಪ್ಪ ಒಂದು ಹೆಜ್ಜೆ ಮುಂದಿಟ್ಟರು, ಮಗಳ ಮುಖ ನೋಡಿ ನಿಂತರು.

ಬೈಕಿನಲ್ಲಿ ಅವಳು ಹಿಂದಿನ ಕಂಬಿ ಹಿಡಿದು ಕೂತಳು. ಅವನ ಹೆಗಲು ಮುಟ್ಟಲಿಲ್ಲ.

ಸಹಿ ಆಗಿಬಿಟ್ಟಿದ್ದರೆ? ಇವರ ಕಣ್ಣಲ್ಲಿ ನಾನು ಬದುಕಿರುವವರೆಗೂ ಸುಳ್ಳಿಯೇ...

ಪಕ್ಕದಲ್ಲಿ ಬಸ್ಸೊಂದು ಹಾರ್ನ್ ಮಾಡುತ್ತ ನುಗ್ಗಿತು. ಅವಳು ಬೆಚ್ಚಿದ್ದು ಅವನಿಗೆ ಬೆನ್ನಿನಲ್ಲೇ ಗೊತ್ತಾಯಿತು. ಬೈಕಿನ ವೇಗ ಇಳಿಸಿದ. ಸಿಟ್ಟಿನಲ್ಲಿದ್ದವನು ಹಾಗೇಕೆ ಮಾಡಿದೆ ಅಂತ ಅವನಿಗೇ ತಿಳಿಯಲಿಲ್ಲ.

ಸ್ಟೇಷನ್ನಿನಲ್ಲಿ ಖಲಂದರ್ ಮೇಜಿನ ಮುಂದೆ ಬಗ್ಗಿದ್ದ. ಪೆನ್ನು ಕೈಯಲ್ಲಿತ್ತು.

"ಖಲಂದರಣ್ಣ, ಪೆನ್ನು ಕೆಳಗಿಡು."

"ಅಮ್ಮಾವ್ರೇ, ನೀವ್ಯಾಕೆ ಬಂದ್ರಿ..."

"ಗಾಡಿ ಕಲಿಸಿದ್ದು ನೀನು. ಗುದ್ದಿದ್ದು ನಾನು." ಅವಳು ಎಸ್‌ಐ ಮೇಡಂ ಕಡೆ ತಿರುಗಿದಳು. "ಗಾಡಿ ಓಡಿಸಿದ್ದು ನಾನು ಮೇಡಂ. ಇವರು ಆಗ ಕಾರ್ಖಾನೆಯಲ್ಲಿದ್ರು."

ಮೇಡಂ ಖಲಂದರನನ್ನು ಒಮ್ಮೆ ನೋಡಿದರು. ಅವನು ತಲೆ ತಗ್ಗಿಸಿದ. ಮೇಡಂ ಅವನ ಮುಂದಿದ್ದ ಕಾಗದವನ್ನು ಎಳೆದುಕೊಂಡು ಪಕ್ಕಕ್ಕಿಟ್ಟರು.

"ಹೇಳಿ. ಹೆಂಗಾಯ್ತು?"

"ಬಲಗಡೆ ಒಂದು ಬಸ್ ಓವರ್‌ಟೇಕ್ ಮಾಡ್ತಿತ್ತು. ನಾನು ಅದನ್ನೇ ನೋಡ್ತಿದ್ದೆ. ಎಡಗಡೆ ತೋಟದ ದಾರಿಯಿಂದ ಇವರ ತಂದೆ ಬಂದಿದ್ದು ಕಾಣಲಿಲ್ಲ. ಸ್ಪೀಡೂ ಸ್ವಲ್ಪ ಜಾಸ್ತಿ ಇತ್ತು."

ಸ್ಪೀಡಿನ ಮಾತು ಯಾರೂ ಕೇಳಿರಲಿಲ್ಲ. ಅಶ್ವಥ್ ತಲೆ ಎತ್ತಿದ.

"ಗಾಯ ಆದೋರನ್ನ ಆಸ್ಪತ್ರೆಗೆ ಸೇರಿಸಿದ್ದು ಸರಿ," ಅಂದರು ಮೇಡಂ. "ಅಲ್ಲಿಂದ ನೇರ ಇಲ್ಲಿಗೆ ಬರಬೇಕಿತ್ತು. ಒಂದು ದಿನದೊಳಗೆ ಹೇಳಲೇಬೇಕು ಅಂತ ಕಾನೂನು, ಇನ್ನೂ ದಾಟಿಲ್ಲ, ನಿಮ್ಮ ಪುಣ್ಯ. ಇನ್ಶೂರೆನ್ಸ್‌ನೋರಿಗೂ ಇವತ್ತೇ ತಿಳಿಸಿ. ಬೇರೆಯೋರ ಹೆಸರು ಕೊಟ್ಟು ಅದು ಸುಳ್ಳು ಅಂತ ಗೊತ್ತಾದ್ರೆ ಆ ಮುದುಕರ ಪರಿಹಾರಕ್ಕೇ ಕಲ್ಲು ಬೀಳುತ್ತೆ. ನಿಮ್ಮಪ್ಪನ ಜೊತೆ ನಾನು ಆಮೇಲೆ ಮಾತಾಡ್ತೀನಿ. ಗಾಡಿ ಎಲ್ಲಿ?"

"ಕೆಂಗಲ್ ಗುಡಿ ಮುಂದೆ. ತೊಳೆದುಬಿಟ್ಟಿದ್ದಾರೆ ಮೇಡಂ. ಪೂಜೆಗೆ."

ಮೇಡಂ ಹಣೆ ಒತ್ತಿಕೊಂಡರು.

ಆಗ ಅಶ್ವಥ್ ಮೇಜಿನ ಹತ್ತಿರ ಬಂದ. "ಮೇಡಂ, ನಂದೂ ಒಂದೈತೆ. ಅಪ್ಪ ಸೊಪ್ಪಿನ ಹೊರೆಯ ಮುಂದ್ಕೂ ಹಿಂದ್ಕೂ ಮೇಲಕ್ಕೆ ಕಟ್ಟಿದ್ರು. ಪಕ್ಕದಲ್ಲಿ ಬರೋ ಗಾಡಿ ಕಾಣಾಕಿಲ್ಲ, ಅಷ್ಟು ಕಟ್ಬ್ಯಾಡಪ್ಪ ಅಂತ ಬೆಳಿಗ್ಗೇನೇ ಹೇಳಿದ್ದೆ."

"ಆ ಹೊರೆ ಈಗ ಎಲ್ಲಿ?"

ಅವನು ನೆಲ ನೋಡಿದ. "ರೇಷ್ಮೆ ಹುಳ ಕೊನೆ ಜ್ವರ ಎದ್ದು, ಪೊರೆ ಬುಟ್ಟು ಕುಂತವೆ, ಒಂದೊತ್ತು ತಪ್ಪುದ್ರೂ ಗೂಡು ಕಟ್ಟಾಕಿಲ್ಲ. ನೆನ್ನೆ ಮಧ್ಯಾಹ್ನ ಬಂದು ರಸ್ತೇಲಿದ್ದ ಸೊಪ್ನೆಲ್ಲ ಬಾಚ್ಕಂಡೋಗಿ ಹಾಕ್ಬುಟ್ಟೆ. ಹುಳ ತಿಂದವೆ. ತೆಪ್ಪು ಅಪ್ಪನ್ ಮ್ಯಾಕೆ ಬತ್ತದೆ, ಸೊಪ್ಪಿನ್ ಮಾತು ಎತ್ಬ್ಯಾಡ ಅಂದ್ರು ಊರೋರು. ಸುಮ್ಕಿದ್ದೆ."

ಮೇಡಂ ಪೆನ್ನು ಮೇಜಿನ ಮೇಲಿಟ್ಟರು.

"ಅವರು ಗಾಡಿ ತೊಳೆದ್ರು, ನೀವು ಸೊಪ್ಪು ಹುಳಕ್ಕೆ ಹಾಕಿದ್ರಿ," ಅಂದರು ಮೇಡಂ. "ನಾನು ಮಹಜರು ಯಾವುದರ ಮುಂದೆ ನಿಂತು ಮಾಡ್ಲಿ? ಕೂತ್ಕೊಳ್ಳಿ ಇಬ್ಬರೂ. ಇದ್ದದ್ದು ಇದ್ದ ಹಾಗೆ ಬರೆಸಿ."

ಹೊರಗೆ ಬಂದಾಗ ಅಶ್ವಥ್ ಮೆಲ್ಲಗೆ ಅಂದ. "ಬೆಳಿಗ್ಗೆ ಅಂಗಂದಿದ್ದು ತೆಪ್ಪಾಯ್ತು. ತೊಳ್ದಿದ್ದು ನೀವೊಬ್ರೇ ಅಲ್ಲ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಅವನವ್ವ ಬೋರಮ್ಮ. ಕೇಳುತ್ತ ಕೇಳುತ್ತ ಅವನು ಗೋಡೆಗೆ ಒರಗಿದ.

"ಏನಾಯ್ತು? ಹೇಳಿ..."

"ಕಣ್ ಬುಟ್ರಂತೆ. ಹುಳಕ್ಕೆ ಸೊಪ್ಪಾಕುದ್ರಾ ಅಂತ ಕೇಳುದ್ರಂತೆ."

ಶಾಂಭವಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಿನ್ನೆಯಿಂದ ತಡೆದಿದ್ದ ಅಳು ಈಗ ಬಂತು. ಮುಖ ಒರೆಸಿಕೊಳ್ಳಲು ಅವಳ ಚೀಲದಿಂದ ಹೊರಬಂದದ್ದು ಅವನದೇ ಟವೆಲು.

ಮಾಗಡಿಯವರು ಬರಲಿಲ್ಲ. ಕೇಸು ನಡೆಯಿತು. ಆರೋಪಿಯೂ ಸಾಕ್ಷಿಯೂ ಮಾತಾಡಿದರೆ ಜನ ಬೇರೆ ಕಥೆ ಕಟ್ಟುತ್ತಾರೆಂದು ಇಬ್ಬರೂ ದೂರ ಉಳಿದರು. ಕೋರ್ಟಿನ ಅಂಗಳದಲ್ಲಿ ಅವಳು ಈ ಬೆಂಚು, ಅವನು ಆ ಬೆಂಚು. ಕಣ್ಣುಗಳು ಮಾತ್ರ ನಡುವೆ ಓಡಾಡಿದವು. ಒಂದು ದಿನ ಅವಳ ಹಿಂದೆ ಚನ್ನಲಿಂಗಪ್ಪನವರೂ ಬಂದು ಕೂತರು, ಅವನಿಗೆ ನಮಸ್ಕಾರ ಮಾಡಿದರು.

ಅವಳು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬಂದ ದಿನ, ಹೊಂಗೆ ಮರದ ಕೆಳಗೆ ಚೆಲುವಯ್ಯ ಕೋಲೂರಿ ನಿಂತಿದ್ದರು. ಪಕ್ಕದಲ್ಲಿ ಅಶ್ವಥ್. ಅವರ ಹಿಂದೆ ವ್ಯಾನು, ಅದರ ಬಾಗಿಲಲ್ಲಿ ಖಲಂದರ್.

"ಬಸ್ಸಲ್ಲಿ ಕಾಲ್ ಮಡ್ಚಕಾಗಾಕಿಲ್ಲ ಕಣವ್ವ," ಅಂದರು ಚೆಲುವಯ್ಯ. "ಒಸಿ ಊರ್ಗೆ ಬುಟ್ಬುಡು."

"ಖಲಂದರಣ್ಣ ಬಿಡ್ತಾನೆ ಅಜ್ಜ."

"ಅವ್ನ್ಯಾಕೆ? ನಿನ್ ಗಾಡಿ ನೀನೇ ಓಡ್ಸು."

ಖಲಂದರ್ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು ನಗುತ್ತ ಪಕ್ಕಕ್ಕೆ ಸರಿದ. ಅಪಘಾತದ ದಿನದಿಂದ ಅವಳು ಸ್ಟೇರಿಂಗ್ ಮುಟ್ಟಿರಲಿಲ್ಲ. ಹತ್ತಿ ಕೂತಳು, ಗಾಡಿ ಚಾಲು ಮಾಡಲಿಲ್ಲ. ಅಶ್ವಥ್ ಪಕ್ಕದ ಸೀಟಿನಲ್ಲಿ ಬಂದು ಕೂತ.

"ಭಯ ಆಗುತ್ತೆ," ಅಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

"ಬಲಗಡೆ ನೀವು ನೋಡಿ. ಎಡಗಡೆ ನಾನು ನೋಡ್ತೀನಿ."

"ಎಲ್ಲಿವರೆಗೆ?"

ಅವನು ರಸ್ತೆಯನ್ನೇ ನೋಡುತ್ತ ಹೇಳಿದ. "ನೀವು ಸಾಕು ಅನ್ನೋಗಂಟ."

"ಸಾಕು ಅನ್ನಲ್ಲ ನಾನು..."

ಹಿಂದೆ ಕಾಲು ಚಾಚಿ ಕೂತಿದ್ದ ಚೆಲುವಯ್ಯ ಕೋಲು ಕುಟ್ಟಿದರು.

"ಮೊದ್ಲು ಇಬ್ರೂ ರಸ್ತೆ ನೋಡ್ರಪ್ಪ. ಹುಳ ಕಾಯ್ತಾ ಅವೆ."