ಕಳೆದ ಸಂಚಿಯ ಗುರುತುಗಳು

ನನ್ನ ಸಂಚಿ ಕಳೆದದ್ದು ಮಂಗಳವಾರ, ಗಂಗಾವಳಿಯ ದೋಣಿಯಲ್ಲಿ. ಅದು ಸಿಕ್ಕಿದ್ದು ಗುರುವಾರ. ನನ್ನ ಕೈಗೆ ಬಂದದ್ದು ಮಾತ್ರ ಮುಂದಿನ ಮಂಗಳವಾರ. ನಡುವಿನ ಆ ದಿನಗಳಲ್ಲಿ ಅದು ಎಲ್ಲಿತ್ತೆಂದು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅದು ಅವ್ವನ ಕವಳದ ಸಂಚಿ. ಮಾಸಿದ ಕೆಂಪು ಬಟ್ಟೆ, ಒಂದು ಮೂಲೆಗೆ ನೀಲಿ ತೇಪೆ. ಅವ್ವ ತೀರಿಕೊಂಡ ಮೇಲೆ ಎಲೆಯಡಿಕೆ ಇದ್ದ ಜಾಗಕ್ಕೆ ನನ್ನ ಬ್ಯಾಂಕಿನ ಪುಸ್ತಕ ಬಂತು. ಸುಣ್ಣದ ಡಬ್ಬಿಯನ್ನೂ ಅವಳು ಉಳಿಸಿದ್ದ ಅರ್ಧ ಅಡಿಕೆಯನ್ನೂ ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. ಹೊಳೆಯಾಚೆಯ ವೆಂಕಟರಮಣನಿಗೆ ಕೈ ಮುಗಿದು, ಅಲ್ಲಿಯ ದೂರದ ಸಂಬಂಧದ ಚಿಕ್ಕಮ್ಮನಿಗೆ ಹೋಗಿಬರುತ್ತೇನೆಂದು ಹೇಳಿ ಮರಳುವಾಗ ದೋಣಿಯಲ್ಲಿ ಅದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಇಳಿಯುವಾಗ ಸೀರೆ ನೆನೆಯದಿರಲೆಂದು ಎರಡೂ ಕೈಯಲ್ಲಿ ನೆರಿಗೆ ಎತ್ತಿ ಹಿಡಿದೆ. ಸೀರೆ ನೆನೆಯಲಿಲ್ಲ. ಬೆಳಂಬಾರದ ಮನೆಯ ಬಾಗಿಲಿಗೆ ಬಂದು ಕೀಲಿಕೈ ಹುಡುಕಿದಾಗ ಸಂಚಿ ಇರಲಿಲ್ಲ.

ಒಳಗಿಂದ ಬಾಗಿಲು ತೆಗೆಯುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಸುಬ್ಬಿ ಕಲ್ಲು ತಂದು ಬೀಗ ಒಡೆದುಕೊಟ್ಟಳು. "ಮುಂಬೈಗೆ ಹೋಪುಕೆ ಹೊರಟವ್ಳು ಹೊಳೆ ದಾಟುಕೇ ಸಂಚಿ ಕಳ್ಕಂಡ್ಯಲೆ," ಅಂದಳು. ನಾನು ನಕ್ಕೆ. ಅವಳು ಹೋದ ಮೇಲೆ ಅತ್ತೆ.

ಮುಂಬೈಗೆ ಹೋಗುವುದು ನಿಜವೇ ಆಗಿತ್ತು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಸುತ್ತಾರೆ, ಜೂನ್ ಒಂದರೊಳಗೆ ಬಂದು ಸೇರಬೇಕು, ತಪ್ಪಿದರೆ ಜಾಗ ಬೇರೆಯವರಿಗೆ ಎಂದು ಕಾಗದ ಬಂದಿತ್ತು. ಅವ್ವ ಮೂರು ದಿನದ ಜ್ವರದಲ್ಲಿ ಹೋದವಳು. ಹಣೆಗೆ ಒದ್ದೆ ಬಟ್ಟೆ ಹಾಕುವುದರಾಚೆ ನನಗೆ ಏನೂ ಗೊತ್ತಿರಲಿಲ್ಲ. ಊರಿನ ಶಾಲೆಯಲ್ಲಿ ಕಲಿಸಿ ಎರಡು ವರ್ಷದಿಂದ ಕೂಡಿಟ್ಟ ಸಂಬಳವನ್ನು, ಆ ಗೊತ್ತಿಲ್ಲದ್ದನ್ನು ಕಲಿಯಲೆಂದೇ ಎತ್ತಿಟ್ಟಿದ್ದೆ. ಕಾರವಾರದಿಂದ ಮಳೆಗಾಲಕ್ಕೆ ಮುಂಚಿನ ಕಡೆಯ ಉಗಿಹಡಗು, ನಮ್ಮವರ ಬಾಯಲ್ಲಿ ಆಗಬೋಟು, ಮುಂದಿನ ಬುಧವಾರ. ಅದು ಹೋದರೆ ಚೌತಿ ಕಳೆಯುವವರೆಗೆ ಬೋಟಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ರೈಲು ಹಿಡಿಯುವುದಕ್ಕೆ ನನಗೆ ಜೊತೆಯೂ ಇರಲಿಲ್ಲ, ದುಡ್ಡೂ ಸಾಲದು.

ಮರುದಿನ ಬೆಳಿಗ್ಗೆಯೇ ಅಂಕೋಲೆಗೆ ನಡೆದೆ. ಬ್ಯಾಂಕೆಂದರೆ ದೊಡ್ಡ ಕಟ್ಟಡವಲ್ಲ. ಪೇಟೆಯಲ್ಲಿ ಒಂದು ಹೆಂಚಿನ ಮನೆಯ ಜಗಲಿಗೆ ಕಂಬಿ ಬಡಿದು ಮಾಡಿದ ಪತ್ತಿನ ಬ್ಯಾಂಕು. ಕಂಬಿಯ ಸಣ್ಣ ಕಿಟಕಿಯ ಹಿಂದೆ ಕಾರಕೂನ ರಾಮನಾಥರು. ಕಾರವಾರದವರು, ಮನೆಮಾತು ಕೊಂಕಣಿ. ಕನ್ನಡವನ್ನು ಶಾಲೆಯಲ್ಲಿ ಕಲಿತದ್ದರಿಂದ ಅಚ್ಚು ಹಾಕಿದ ಫಾರಮಿನ ಹಾಗೆ ಮಾತಾಡುತ್ತಿದ್ದರು. ಬ್ಯಾಂಕಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಎರಡು ವರ್ಷ, ತಿಂಗಳಿಗೊಮ್ಮೆ, ಆ ಕಂಬಿಯ ಈಚೆ ನಾನು, ಆಚೆ ಅವರು. ಅಷ್ಟರಲ್ಲಿ ಅವರ ಕಣ್ಣು ನನ್ನ ಬಳೆಗಿಂತ ಮೇಲಕ್ಕೆ ಬಂದದ್ದನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಲೆಕ್ಕ ಇಟ್ಟವಳು ನಾನೇ, ಅದಕ್ಕೇ ಹೇಳಲು ಸಂಕೋಚ.

"ಪುಸ್ತಕ ಕಳೆದಿದೆ," ಅಂದೆ.

"ಯಾವಾಗ ಕಳೆಯಲ್ಪಟ್ಟಿತು?"

"ನಿನ್ನೆ ಮಧ್ಯಾಹ್ನ ಕಳೆಯಲ್ಪಟ್ಟಿತು."

ಅವರ ತುಟಿಯ ಬಲಮೂಲೆ ಒಂದಿಷ್ಟು ಮೇಲಕ್ಕೆ ಹೋಗಿ, ಏನೂ ಆಗದ ಹಾಗೆ ಕೆಳಗೆ ಬಂತು. ಮೊದಲು ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. "ಇನ್ನು ಆ ಪುಸ್ತಕವನ್ನು ಯಾರು ತಂದರೂ ಹಣ ಸಿಗುವುದಿಲ್ಲ. ನಿಮ್ಮ ಸಹಿ ಹೊಂದಬೇಕು. ನೀವು ಗಾಬರಿಯಾಗಬೇಡಿ."

"ಹೊಸ ಪುಸ್ತಕ ಯಾವಾಗ ಕೊಡ್ತ್ರಿ?"

"ಬ್ಯಾಂಕು ನಡೆಸುವ ಪಂಚರ ಸಭೆ ಒಪ್ಪಬೇಕು. ಸಭೆ ಜೂನ್ ಹತ್ತಕ್ಕೆ."

"ನನ್ನ ಬೋಟು ಬರೋ ಬುಧವಾರ."

ಅವರ ಪೆನ್ನು ನಿಂತಿತು. ನಾನು ಊರು ಬಿಡುತ್ತಿರುವ ಸಂಗತಿ ಅವರಿಗೆ ಆಗಷ್ಟೇ ಗೊತ್ತಾದದ್ದು. ಕಣ್ಣು ಬಳೆಯಿಂದ ಮೇಲಕ್ಕೆ ಬಂತು. ಐದನೆಯ ಸಲ.

"ಎಲ್ಲಿಗೆ?"

"ಮುಂಬೈ. ಮೂರು ವರ್ಷ."

ಅವರು ಬಹಳ ಹೊತ್ತು ಶಾಯಿ ಬತ್ತಿಸುವ ಕಾಗದ ಹುಡುಕಿದರು. ಅದು ಅವರ ಕೈಯಡಿಗೇ ಇತ್ತು. ಆಮೇಲೆ ಒಂದು ಅರ್ಜಿ ಬರೆಯಿಸಿದರು. "ಸಂಚಿಯ ಗುರುತುಗಳನ್ನು ಹೇಳಿ. ಯಾರಾದರೂ ತಂದುಕೊಟ್ಟರೆ ತಾಳೆ ನೋಡಬೇಕು."

ಕೆಂಪು ಬಟ್ಟೆ, ನೀಲಿ ತೇಪೆ, ಎರಡು ಕೀಲಿಕೈ, ಹಿತ್ತಾಳೆಯ ಸುಣ್ಣದ ಡಬ್ಬಿ, ಅರ್ಧ ಅಡಿಕೆ, ಪುಸ್ತಕ.

"ಇಷ್ಟೇಯೋ?"

"ಇಷ್ಟೇ," ಅಂದೆ. ಸುಳ್ಳು. ಇನ್ನೊಂದಿತ್ತು, ಅದನ್ನು ಅವರ ಎದುರಿಗೆ ಹೇಳುವ ಹಾಗಿರಲಿಲ್ಲ.

ಅವ್ವ ಜ್ವರದಲ್ಲಿ ಮಲಗಿದ್ದಾಗ ಡಾಕ್ಟರನ್ನು ಕರೆಸಲು ದುಡ್ಡು ತೆಗೆಯಲು ಬಂದಿದ್ದೆ. ಅವಸರದಲ್ಲಿ ಗೀಚಿದ ಸಹಿ ಹೊಂದಲಿಲ್ಲ. ಜಗಲಿಯ ತುಂಬ ಜನ. ಇನ್ನೊಬ್ಬರಾಗಿದ್ದರೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ರಾಮನಾಥರು ಆ ಫಾರಮಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು, ಹೊಸ ಫಾರಮಿನ ಜೊತೆ ನನ್ನ ಕಡೆ ಸರಿಸಿದರು. "ಸಹಿ ಹೊಂದುವುದಿಲ್ಲ. ಅವಸರ ಬೇಡ. ನಿಧಾನವಾಗಿ ಇನ್ನೊಮ್ಮೆ ಬರೆಯಿರಿ. ಕಿಟಕಿ ಮುಚ್ಚುವುದಿಲ್ಲ. ಕಾಯುತ್ತೇನೆ." ಆ ಚೀಟಿಯನ್ನು ನಾನು ಎಸೆಯದೆ ಸಂಚಿಯಲ್ಲಿ ಇಟ್ಟುಕೊಂಡಿದ್ದೆ. ಅವ್ವ ಹೋದ ಮೇಲೆ ನನಗಾಗಿ ಕಾಯುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಒಂದು ತುಂಡು ಕಾಗದವಾದರೂ ಹಾಗೆ ಹೇಳುತ್ತಿತ್ತು. ಮಡಿಕೆ ಹರಿಯುವಷ್ಟು ಸಲ ಅದನ್ನು ಬಿಡಿಸಿ ಓದಿದ್ದೆ.

ಶುಕ್ರವಾರ ಹೋಗಿ ಕೇಳಿದೆ. "ಸಿಕ್ತಾ?"

"ಇಲ್ಲ," ಅಂದರು, ಶಾಯಿಕುಡಿಕೆ ನೋಡುತ್ತ.

ಶನಿವಾರ ಅಂಕೋಲೆಯ ಸಂತೆ. ಮಾವಿನಹಣ್ಣಿನ ಬುಟ್ಟಿಗಳ ನಡುವೆ ಗಂಗಾವಳಿಯ ದೋಣಿಯ ಜಟ್ಟು ಸಿಕ್ಕಿದ. "ಎಂತ ತಂಗಿ, ಸಂಚಿ ಬಂತಲಾ ಕೈಗೆ?"

"ಯಾವ ಸಂಚಿ?"

"ನಿಂದೇ. ದೋಣಿ ಹಲಗೆ ಸಂದಿಲಿತ್ತು. ಒಳ್ಗೆ ಬ್ಯಾಂಕಿನ ಪುಸ್ತಕ ಕಾಣ್ತು. ನಂಗೆ ಓದುಕೆ ಬತ್ತಿಲ್ಲ, ಮುದ್ರೆ ಗುರ್ತಿತ್ತು. ಗುರುವಾರ್ವೇ ಬಂದು ಕಾರಕೂನ್ರ ಕೈಲಿ ಕೊಟ್ಟೆ. ಸುಗಂಧಾ ಬಾಯಿದು ಅಂತ ಅವ್ರೇ ಹೇಳದ್ರು."

ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ನಾಲ್ಕು ಹಣ್ಣು ಕೊಂಡು ಅವನ ಕೈಗೇ ಇಟ್ಟೆ. ನೇರ ಬ್ಯಾಂಕಿಗೆ ಹೋದೆ. ಜಗಳ ಮಾಡಲೆಂದೇ ಹೋದೆ. ಪಂಚರಿಗೆ ಒಂದು ಮಾತು ಹೇಳಿದರೆ ಅವರ ನೌಕರಿ ಅಂದೇ ಹೋಗುತ್ತಿತ್ತು. ಕಂಬಿಯ ಮುಂದೆ ನಿಂತು ನೋಡಿದರೆ, ಮನುಷ್ಯ ನಿದ್ದೆಯಿಲ್ಲದೆ ಬಾಡಿಹೋಗಿದ್ದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

"ಸಿಕ್ತಾ?" ಅಂದೆ, ಮೆತ್ತಗೆ.

"ಇಲ್ಲ... ಇನ್ನೂ ಇಲ್ಲ." ಬಲಗೈ ಡ್ರಾಯರಿನ ಹಿಡಿಯ ಮೇಲಿತ್ತು.

ಸುಳ್ಳು ಹೇಳಲು ಬಾರದವರ ಸುಳ್ಳು ಅದು. ನನ್ನ ಪುಸ್ತಕ ಅಲ್ಲಿದೆ, ಅವ್ವನ ಸಂಚಿ ಅಲ್ಲಿದೆ, ಆ ಚೀಟಿಯೂ ಅಲ್ಲೇ ಇದೆ. ಅಂದರೆ ಅವರು ಅದನ್ನು ಓದಿದ್ದಾರೆ. ತಮ್ಮದೇ ಅಕ್ಷರ, ಹರಿದ ಮಡಿಕೆ, ಎಲ್ಲ ನೋಡಿದ್ದಾರೆ. ಕಿವಿಯವರೆಗೆ ಬಿಸಿಯೇರಿತು. ಸಿಟ್ಟು ಇತ್ತು, ಇಲ್ಲವೆನ್ನುವುದಿಲ್ಲ. ಅದರ ಕೆಳಗೆ ಸಂತೋಷವೂ ಇತ್ತು. ನಾನು ಹೋಗಬಾರದೆಂದು ಬಯಸುವ ಜೀವ ಒಂದಿದೆ.

ಭಾನುವಾರವೆಲ್ಲ ಬೆಳಂಬಾರದ ಕಡಲಂಚಿನಲ್ಲಿ ಕೂತು ಯೋಚಿಸಿದೆ. ಮೀನಿನ ದೋಣಿಗಳನ್ನು ಆಗಲೇ ಮೇಲಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ರಾಮನಾಥರು ಪುಸ್ತಕ ಕೊಡದಿದ್ದರೆ ನಾನು ಇಲ್ಲೇ ಉಳಿಯುತ್ತೇನೆ. ಆದರೆ ಹಾಗೆ ಉಳಿದರೆ, ಡ್ರಾಯರಿನಲ್ಲಿಟ್ಟ ವಸ್ತುವಿನ ಹಾಗೆ ಉಳಿಯುತ್ತೇನೆ. ಒಂದು ಮಾತು ಬಾಯಿಬಿಟ್ಟು ಹೇಳಿದರೆ ಆಗದೆ ಈ ಮನುಷ್ಯನಿಗೆ? ಹೇಳುವವರೆಗೆ ಕೇಳುತ್ತ ಹೋಗುವುದೆಂದು ನಿಶ್ಚಯಿಸಿದೆ.

ಸೋಮವಾರ ಕೇಳಿದೆ. ಇಲ್ಲವೆಂದರು. ಆದರೆ ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದರು. "ಸುಗಂಧಾ ಬಾಯಿ."

ತಿರುಗಿದೆ.

"ಬಿಸಿಲು... ಬಹಳ ಇದೆ. ಕೊಡೆ ತರಬೇಕಿತ್ತು."

ದೇವರೇ ಎಂದುಕೊಂಡು ಮನೆಗೆ ನಡೆದೆ.

ಮಂಗಳವಾರ, ಕಡೆಯ ದಿನ. ಮರುದಿನ ಬೆಳಿಗ್ಗೆ ಕಾರವಾರದ ಮೋಟಾರು ಹತ್ತಬೇಕು. ಕಿಟಕಿ ಮುಚ್ಚುವ ಹೊತ್ತಿಗೆ ಹೋದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ನಾನು ಏನೂ ಕೇಳುವ ಮೊದಲೇ ಅವರು ತಲೆ ಅಲ್ಲಾಡಿಸಿದರು.

"ಸಿಕ್ತಾ ಅಂತ ಕೇಳುಕೆ ಬಂದದ್ದಲ್ಲ," ಅಂದೆ. "ನನ್ನ ಅರ್ಜಿಲಿ ಒಂದು ಗುರುತು ಬರೆಸುದು ಬಿಟ್ಟಿತ್ತು. ಅದನ್ನ ಸೇರಿಸ್ಬೇಕು."

ಅವರು ಅರ್ಜಿ ತೆಗೆದರು. ಪೆನ್ನು ಅದ್ದಿದರು.

"ಒಂದು ಚೀಟಿ. ರದ್ದಾದ ಫಾರಮು. ಬೆನ್ನಿಗೆ ಪೆನ್ಸಿಲಿನ ಅಕ್ಷರ. ಕಡೆಯ ಶಬ್ದ 'ಕಾಯುತ್ತೇನೆ'." ಕಂಬಿ ಹಿಡಿದುಕೊಂಡು ಮುಗಿಸಿದೆ. "ಬೆಲೆ ಎಷ್ಟು ಅಂತ ಕಾಲಂ ಇದ್ರೆ, ಉಳಿದದ್ದೆಲ್ಲಕ್ಕಿಂತ ಹೆಚ್ಚು ಅಂತ ಬರೀರಿ."

ಪೆನ್ನಿನಿಂದ ಒಂದು ಹನಿ ಅರ್ಜಿಯ ಮೇಲೆ ಬಿತ್ತು. ಅವರು ಒರೆಸಲಿಲ್ಲ. ಡ್ರಾಯರು ಎಳೆದು, ಕೆಂಪು ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದು ಕಂಬಿಯ ಕೆಳಗಿನಿಂದ ಸರಿಸಿದರು.

"ಗುರುವಾರವೇ ಬಂತು," ಅಂದರು.

"ಗೊತ್ತುಂಟು. ಜಟ್ಟು ಹೇಳ್ದ."

"ಗೊತ್ತಿದ್ದೂ ನಿತ್ಯ ಬಂದಿರಿ?"

"ನೀವೇ ಹೇಳ್ಲಿ ಅಂತ."

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಮೊದಲ ದಿನ, ನಾಳೆ ಕೊಡೋಣ ಎಂದುಕೊಂಡೆ. ಪುಸ್ತಕ ನೋಡುವಾಗ ಆ ಚೀಟಿ ಬಿತ್ತು. ಓದಿದೆ. ಆಮೇಲೆ ನನಗೆ ಆಗಲಿಲ್ಲ. ಎರಡು ವರ್ಷ ತಿಂಗಳ ಮೊದಲ ವಾರಕ್ಕಾಗಿ ಬದುಕಿದವನು ನಾನು. ಇದನ್ನು ಕೊಟ್ಟರೆ ನೀವು ಹೋಗುತ್ತೀರಿ. ಕೊಡದಿದ್ದರೆ ನಾನು ಕಳ್ಳ. ಆರು ದಿನ ಕಳ್ಳನಾಗಿದ್ದೆ. ಪಂಚರಿಗೆ ಹೇಳಿ, ನನ್ನ ಅಡ್ಡಿಯಿಲ್ಲ."

"ಹೋಗ್ಬೇಡ ಅಂತ ಒಂದು ಮಾತು ಹೇಳುಕೆ ಆಗ್ಲಿಲ್ವಾ?"

"ಹೇಳಿದರೆ ಉಳಿಯುತ್ತಿದ್ದಿರಾ?"

ಅವ್ವನ ಹಣೆಯ ಮೇಲಿನ ಒದ್ದೆ ಬಟ್ಟೆ ನೆನಪಾಯಿತು. "ಇಲ್ಲ," ಅಂದೆ. "ಆದ್ರೆ ಬಿಟ್ಟು ಹೋಗುಕೆ ಒಬ್ರು ಇದ್ದಾರೆ ಅಂತಾದ್ರೂ ಗೊತ್ತಾಗ್ತಿತ್ತು. ನಂಗೆ ಅದೂ ಇರ್ಲಿಲ್ಲ."

ಅವರು ಆಗ ನನ್ನ ಮುಖವನ್ನೇ ನೋಡಿದರು. ಎಷ್ಟನೆಯ ಸಲವೆಂಬ ಲೆಕ್ಕ ಅಲ್ಲಿಗೆ ತಪ್ಪಿತು, ಯಾಕೆಂದರೆ ಆ ಕಣ್ಣು ಮತ್ತೆ ಕೆಳಗಿಳಿಯಲಿಲ್ಲ.

ಹಣ ತೆಗೆಯುವ ಫಾರಮು ಕೊಟ್ಟರು. ಬರೆದೆ. ಅವರು ಹಳೆಯ ಸಹಿಯ ಪಕ್ಕ ಇಟ್ಟು ನೋಡಿದರು, ನಿಟ್ಟುಸಿರು ಬಿಟ್ಟರು. "ಹೊಂದುವುದಿಲ್ಲ."

ಇಷ್ಟಾದ ಮೇಲೂ ಆ ಮನುಷ್ಯನಿಗೆ ಸಹಿ ಹೊಂದಬೇಕು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇನ್ನೊಂದು ಫಾರಮು ಸರಿಸಿದರು. ಮುಚ್ಚುವ ಗಂಟೆ ಯಾವಾಗಲೋ ಹೊಡೆದಾಗಿತ್ತು. ಸೆರಗಿನಿಂದ ಕೈ ಒರೆಸಿಕೊಂಡು, ಒಂದೊಂದು ಅಕ್ಷರ ಮಕ್ಕಳಿಗೆ ಕಲಿಸುವ ಹಾಗೆ ಬರೆದೆ. ಹೊಂದಿತು.

"ಊರು ಬಿಡುವವರು ಖಾತೆ ಮುಚ್ಚಬೇಕಾಗುತ್ತದೆ," ಅಂದರು, ಮೂರನೆಯ ಫಾರಮನ್ನು ಅರ್ಧ ಸರಿಸಿ. "ನಿಯಮ ಹಾಗಿದೆ. ಕಡ್ಡಾಯವಿಲ್ಲ."

"ಮುಚ್ಚುದಿಲ್ಲ. ಸ್ವಲ್ಪ ಅಲ್ಲೇ ಇರ್ಲಿ."

"ಅದನ್ನು ತೆಗೆಯಲು ನೀವೇ ಇಲ್ಲಿಗೆ ಬರಬೇಕಾಗುತ್ತದೆ."

"ಗೊತ್ತುಂಟು."

ಮತ್ತೆ ತುಟಿಯ ಬಲಮೂಲೆ ಮೇಲಕ್ಕೆ ಹೋಯಿತು. ಈ ಸಲ ಕೆಳಗೆ ಬರಲಿಲ್ಲ. ಕಡೆಗೆ ಒಂದು ರಸೀತಿ ಬರೆದರು, ಕಳೆದ ಸಂಚಿ ಮತ್ತು ಅದರೊಳಗಿನ ಎಲ್ಲ ವಸ್ತುಗಳು ಸಿಕ್ಕಿವೆ ಎಂದು. ನಾನು ಬಿಚ್ಚಿ ನೋಡದೆ ಸಹಿ ಹಾಕಿದೆ. ಮೆಟ್ಟಿಲಿಳಿಯುವಾಗ ಅವರು ಕಂಬಿಗೆ ಹಣೆಯಾನಿಸಿ ನಿಂತಿದ್ದರು.

"ರಾವ್ತಾಂ," ಅಂದರು, ಮೆಲ್ಲಗೆ, ತಮ್ಮ ಮನೆಯ ಮಾತಿನಲ್ಲಿ. ಕಾಯುತ್ತೇನೆ ಎಂದು. ಫಾರಮಿನ ಕನ್ನಡ ಬಿಟ್ಟು ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಮರುದಿನ ಕಾರವಾರದ ಬಂದರಿನಿಂದ ಸಣ್ಣ ದೋಣಿಯಲ್ಲಿ ಹೋಗಿ ಆಗಬೋಟು ಹತ್ತಿದೆವು. ಜೊತೆಗಿದ್ದ ಹೆಂಗಸರು ಬುತ್ತಿ ಬಿಚ್ಚಿದರು. ನಾನು ಅಂಚಿನಲ್ಲಿ ಕೂತು ಗುಡ್ಡಗಳು ನೀಲಿಯಾಗುವುದನ್ನು ನೋಡಿದೆ. ಅವರಿಗೆಲ್ಲ ಕೈಬೀಸಲು ಬಂದರಿಗೆ ಜನ ಬಂದಿದ್ದರು, ನನಗೆ ಯಾರೂ ಬಂದಿರಲಿಲ್ಲ. ಬ್ಯಾಂಕು ತೆರೆಯುವ ಹೊತ್ತು ಅದು. ಇಷ್ಟೊತ್ತಿಗೆ ಕಿಟಕಿ ತೆಗೆದಿರುತ್ತಾರೆ ಅಂದುಕೊಂಡೆ.

ದೀಪಸ್ತಂಭದ ದ್ವೀಪ ದಾಟಿದ ಮೇಲೆ ಸಂಚಿ ಬಿಚ್ಚಿದೆ. ಪುಸ್ತಕ, ಎರಡು ಕೀಲಿಕೈ, ಸುಣ್ಣದ ಡಬ್ಬಿ, ಅರ್ಧ ಅಡಿಕೆ. ತಿರುವಿ ಹಾಕಿ ಕೊಡವಿದೆ, ನೀಲಿ ತೇಪೆಯ ಹಿಂದೆ ಬೆರಳಿಟ್ಟು ನೋಡಿದೆ. ಚೀಟಿ ಇರಲಿಲ್ಲ.

ಸಹಿ ತಪ್ಪಿದರೆ ಒಂದು ಕಾಸು ಬಿಡದ ಕಾರಕೂನರು ಎಲ್ಲ ಸಿಕ್ಕಿದೆ ಎಂಬ ರಸೀತಿಗೆ ನನ್ನ ಸಹಿ ಹಾಕಿಸಿಕೊಂಡು, ಅದೊಂದನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಬ್ಯಾಂಕಿನ ಹಿಂದಿನ ಆ ಕೋಣೆಯಲ್ಲಿ, ಒಬ್ಬರೇ, ಇನ್ನು ರಾತ್ರಿ ಅವರು ಅದನ್ನು ಬಿಡಿಸಿ ಓದುತ್ತಾರೆ.

ಬುತ್ತಿಯ ಹೆಂಗಸೊಬ್ಬಳು ನನ್ನ ಮುಖ ನೋಡಿ ಕೇಳಿದಳು. "ಎಂತ ಹುಡುಕ್ತಿ? ಏನಾರು ಕಳೀತಾ?"

"ಹೌದು," ಅಂದೆ, ಸಂಚಿಯ ದಾರ ಬಿಗಿಯುತ್ತ. "ಎಲ್ಲಿದೆ ಅಂತ ಗೊತ್ತುಂಟು."